ಒಳಗೆ ಬಿಡುವವರು ಯಾರನ್ನು, ತಮ್ಮವರೆನ್ನುವುದು ಯಾರನ್ನು: ಅಮೆರಿಕದ ವಲಸೆ ನಿರ್ಬಂಧಗಳು ಪೌರತ್ವವನ್ನು ತಿದ್ದಿದ ಬಗೆ

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ: ಅಲ್ಲಿ ಹುಟ್ಟಿದ ಮಗು ಇನ್ನು ಮುಂದೆಯೂ ಅಲ್ಲಿನ ಪ್ರಜೆಯೇ ತಾನೆ? ಇದಕ್ಕೆ ಕಾರಣ 2025ರ ಜನವರಿ 20ರಂದು, ಎರಡನೇ ಸಲ ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಒಂದು ಆದೇಶ. ಹೆರುವ ಹೊತ್ತಿಗೆ ತಾಯಿ ಕಾನೂನಿನ ಅನುಮತಿಯಿಲ್ಲದೆ ಅಲ್ಲಿದ್ದರೆ, ಅಥವಾ ಅನುಮತಿ ಇದ್ದೂ ಕೆಲಸದ, ಓದಿನ, ಪ್ರವಾಸದ ತಾತ್ಕಾಲಿಕ ವೀಸಾದಲ್ಲಿದ್ದರೆ, ತಂದೆಯೂ ಪ್ರಜೆಯೋ ಗ್ರೀನ್ ಕಾರ್ಡ್ (ಖಾಯಂ ವಾಸದ ಪರವಾನಗಿ) ಉಳ್ಳವನೋ ಆಗಿರದಿದ್ದರೆ, ಆ ಮಗುವನ್ನು ಹುಟ್ಟಿನಿಂದ ಪ್ರಜೆ ಎಂದು ಸರ್ಕಾರಿ ಇಲಾಖೆಗಳು ಒಪ್ಪಬಾರದು ಎಂಬುದು ಅದರ ಸಾರ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ದುಡಿಯುವ ಭಾರತೀಯ ದಂಪತಿಗಳೂ ಇದರೊಳಗೆ ಬರುತ್ತಾರೆ.

ಕೆಳಗಿನ ನ್ಯಾಯಾಲಯಗಳು ಆದೇಶಕ್ಕೆ ತಡೆ ಕೊಟ್ಟವು. ಹಲವು ಸುತ್ತಿನ ವ್ಯಾಜ್ಯದ ನಂತರ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು. ವಾದಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳೆಲ್ಲ ಹತ್ತೊಂಬತ್ತನೇ ಶತಮಾನದವು: ಒಬ್ಬ ಚೀನೀ ಅಡುಗೆಯವನು, ಒಂದು ತಿದ್ದುಪಡಿ, ಒಂದು ಬಹಿಷ್ಕಾರ ಕಾಯ್ದೆ. ಈ ಹೆಸರುಗಳು ಎಲ್ಲಿಂದ ಬಂದವು ಎಂದು ತಿಳಿಯದೆ ಇವತ್ತಿನ ಸುದ್ದಿ ಅರ್ಥವಾಗುವುದು ಕಷ್ಟ.

ಮೊದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳೋಣ

ವಲಸೆ ಕಾನೂನು ಕೇಳುವ ಪ್ರಶ್ನೆ: ಹೊರಗಿನ ಯಾರು ದೇಶದೊಳಗೆ ಬರಬಹುದು, ಎಷ್ಟು ದಿನ ಇರಬಹುದು? ಪೌರತ್ವ ಕಾನೂನು ಕೇಳುವುದು: ದೇಶದ ಸದಸ್ಯರು ಯಾರು? ಒಂದು ಮನೆಯಲ್ಲಿ ಬಾಡಿಗೆಗೆ ಇರಲು ಒಪ್ಪಿಗೆ ಸಿಗುವುದು ಬೇರೆ, ಆ ಮನೆಯ ಪತ್ರದಲ್ಲಿ ಹೆಸರು ಸೇರುವುದು ಬೇರೆ. ಬಾಡಿಗೆದಾರನನ್ನು ಬಿಡಿಸಬಹುದು. ಪತ್ರದಲ್ಲಿ ಹೆಸರಿದ್ದವನನ್ನು ಹಾಗೆ ಎಬ್ಬಿಸಲಾಗದು.

ಅಮೆರಿಕದಲ್ಲಿ ಪ್ರಜೆಯಾಗುವ ದಾರಿಗಳು ಮುಖ್ಯವಾಗಿ ಮೂರು. ಆ ನೆಲದಲ್ಲಿ ಹುಟ್ಟುವುದು ಒಂದು. ಇದನ್ನು ಜನ್ಮದತ್ತ ಪೌರತ್ವ ಎನ್ನುತ್ತಾರೆ. ಹೊರಗೆ ಹುಟ್ಟಿದರೂ ತಂದೆತಾಯಿ ಅಮೆರಿಕನ್ನರಾಗಿರುವುದು ಇನ್ನೊಂದು. ಮೂರನೆಯದು ವಲಸೆ ಬಂದು, ಖಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡ್ ಪಡೆದು, ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ ಅರ್ಜಿ ಹಾಕಿ ಪ್ರಮಾಣವಚನ ಸ್ವೀಕರಿಸುವುದು. ಇದಕ್ಕೆ ನ್ಯಾಚುರಲೈಸೇಶನ್ ಎಂದು ಹೆಸರು. ನಮ್ಮ ಕಾನೂನು ಪುಸ್ತಕಗಳು ದೇಶೀಕರಣ ಎನ್ನುತ್ತವೆ.

ಕಾಗದದ ಮೇಲೆ ವಲಸೆ ಮತ್ತು ಪೌರತ್ವ ಎರಡು ಪ್ರತ್ಯೇಕ ವಿಷಯಗಳು. ಅಮೆರಿಕದ ಚರಿತ್ರೆಯಲ್ಲಿ ಮಾತ್ರ ಅವು ಪ್ರತ್ಯೇಕವಾಗಿ ಉಳಿದದ್ದೇ ಕಡಿಮೆ. ಬರುವವರನ್ನು ತಡೆಯಲು ಮಾಡಿದ ಕಾನೂನು, ಆಗಲೇ ಒಳಗಿದ್ದವರ, ಅಲ್ಲೇ ಹುಟ್ಟಿದವರ ಪೌರತ್ವದವರೆಗೂ ಕೈಚಾಚಿದ್ದು ಹಲವು ಸಲ.

ಬರಲು ತಡೆಯಿಲ್ಲ, ಪ್ರಜೆಯಾಗಲು ಬಣ್ಣ ಬೇಕು

ಹೊಸ ಗಣರಾಜ್ಯದ ಮೊದಲ ನೂರು ವರ್ಷಗಳಲ್ಲಿ ಹಡಗು ಹತ್ತಿ ಬಂದಿಳಿದವರನ್ನು ತಡೆಯುವ ಕೇಂದ್ರ ಕಾನೂನು ಬಹುಮಟ್ಟಿಗೆ ಇರಲೇ ಇಲ್ಲ. ವೀಸಾ ಎಂಬುದೂ ಇರಲಿಲ್ಲ. ಕಟ್ಟುಪಾಡು ಇದ್ದದ್ದು ಪೌರತ್ವಕ್ಕೆ. 1790ರ ಕಾಯ್ದೆ ದೇಶೀಕರಣದ ಅವಕಾಶವನ್ನು ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮಾತ್ರ ಇಟ್ಟಿತು. ವಾಸದ ಅವಧಿ ಮೊದಲು ಎರಡು ವರ್ಷವಿತ್ತು, 1795ರಲ್ಲಿ ಐದಾಯಿತು, 1798ರಲ್ಲಿ ಹದಿನಾಲ್ಕಕ್ಕೆ ಏರಿ 1802ರಲ್ಲಿ ಮತ್ತೆ ಐದಕ್ಕೆ ಇಳಿಯಿತು. ಇವತ್ತಿನ ಐದು ವರ್ಷದ ನಿಯಮ ಅಷ್ಟು ಹಳೆಯದು.

ಕಪ್ಪು ಜನರ ಪಾಡು ಬೇರೆಯೇ. ಅವರು ಅಲ್ಲೇ ಹುಟ್ಟಿದವರು. ಆದರೂ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಫ್ರಿಕನ್ ಮೂಲದವರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ ಅಮೆರಿಕದ ಪ್ರಜೆಗಳಾಗಲಾರರು ಎಂದಿತು. ಅಂತರ್ಯುದ್ಧ ಮುಗಿದ ಮೇಲೆ ಆ ತೀರ್ಪನ್ನು ಅಳಿಸಲೆಂದೇ 1868ರಲ್ಲಿ ಸಂವಿಧಾನಕ್ಕೆ ಹದಿನಾಲ್ಕನೇ ತಿದ್ದುಪಡಿ ಬಂತು. ಅಮೆರಿಕದಲ್ಲಿ ಹುಟ್ಟಿದ ಅಥವಾ ದೇಶೀಕರಣ ಹೊಂದಿದ, ಮತ್ತು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಪ್ರಜೆಗಳು ಎಂದು ಅದು ಹೇಳುತ್ತದೆ. ಇಂದಿನ ವ್ಯಾಜ್ಯವೆಲ್ಲ ಈ ‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಎಂಬ ತುಂಡಿನ ಸುತ್ತ.

1870ರಲ್ಲಿ ದೇಶೀಕರಣದ ಅವಕಾಶ ಆಫ್ರಿಕನ್ ಮೂಲದವರಿಗೂ ಸಿಕ್ಕಿತು. ಬಿಳಿಯರೂ ಅಲ್ಲದ, ಆಫ್ರಿಕನ್ನರೂ ಅಲ್ಲದ ಏಷ್ಯಾದವರು ಹೊರಗೇ ಉಳಿದರು. ಆಗ ಅದು ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಮುಂದಿನ ಎಂಬತ್ತು ವರ್ಷಗಳ ಕಥೆ ಈ ಬಿಟ್ಟುಹೋದ ಜಾಗದಲ್ಲೇ ನಡೆಯುತ್ತದೆ.

1882: ಒಂದು ಜನಾಂಗದ ಹೆಸರು ಹಿಡಿದು

ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಗೂ ರೈಲುಹಳಿ ಹಾಸಲಿಕ್ಕೂ ಬಂದ ಚೀನೀ ಕೂಲಿಗಳು, ಕೆಲಸ ಕಡಿಮೆಯಾದ ಕಾಲದಲ್ಲಿ ಬಿಳಿ ಕಾರ್ಮಿಕರ ಸಿಟ್ಟಿಗೆ ಗುರಿಯಾದರು. 1882ರ ಮೇ ತಿಂಗಳಲ್ಲಿ ಚೀನೀ ಬಹಿಷ್ಕಾರ ಕಾಯ್ದೆ ಬಂತು. ಚೀನೀ ಕೂಲಿಕಾರರು ಹತ್ತು ವರ್ಷ ಬರಕೂಡದು. ವರ್ತಕರು, ವಿದ್ಯಾರ್ಥಿಗಳು, ರಾಜತಾಂತ್ರಿಕರಿಗೆ ಮಾತ್ರ ವಿನಾಯಿತಿ. ಬರುವವರಿಗೆ ಸಂಬಂಧಿಸಿದ ಈ ಕಾಯ್ದೆಯ ಒಳಗೆ ಇನ್ನೊಂದು ಕಲಮೂ ಇತ್ತು: ಯಾವ ನ್ಯಾಯಾಲಯವೂ ಚೀನೀಯರಿಗೆ ಪೌರತ್ವ ಕೊಡುವಂತಿಲ್ಲ. ಆಗಲೇ ಅಲ್ಲಿ ದಶಕಗಳಿಂದ ನೆಲೆಸಿದ್ದವರಿಗೂ ಇದು ಅನ್ವಯ. ಹತ್ತು ವರ್ಷಕ್ಕೆಂದು ಬಂದ ಕಾಯ್ದೆ 1892ರಲ್ಲಿ ಮುಂದುವರಿದು, ಹೊಸ ಶತಮಾನದ ಆರಂಭದಲ್ಲಿ ಅವಧಿಯೇ ಇಲ್ಲದ್ದಾಯಿತು.

ಈ ಕಾಯ್ದೆಯ ನಂತರ ಬಂದ ಎರಡು ತೀರ್ಪುಗಳು ಇವತ್ತಿಗೂ ವಲಸೆ ಕಾನೂನಿನ ಅಡಿಪಾಯ. ಚೇ ಚಾನ್ ಪಿಂಗ್ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಮಿಕ 1887ರಲ್ಲಿ ಊರಿಗೆ ಹೋಗುವಾಗ, ಮರಳಿ ಬರಲು ಹಕ್ಕಿದೆ ಎಂಬ ಸರ್ಕಾರಿ ಪ್ರಮಾಣಪತ್ರ ಪಡೆದೇ ಹೋಗಿದ್ದ. ಅವನು ಹಡಗಿನಲ್ಲಿ ವಾಪಸು ಬರುತ್ತಿದ್ದಾಗ, 1888ರ ಅಕ್ಟೋಬರ್ 1ರಂದು, ಅಂಥ ಪತ್ರಗಳನ್ನೆಲ್ಲ ರದ್ದುಮಾಡುವ ಕಾನೂನು ಜಾರಿಗೆ ಬಂತು. ಒಂದು ವಾರದ ನಂತರ ಬಂದರು ತಲುಪಿದವನನ್ನು ಇಳಿಯಗೊಡಲಿಲ್ಲ. ಅವನಂತೆ ಪತ್ರ ಹಿಡಿದು ಹೊರಗೇ ಉಳಿದವರು ಸುಮಾರು 20,000. ವಿದೇಶಿಯರನ್ನು ಒಳಬಿಡದಿರುವ ಅಧಿಕಾರ ಸಾರ್ವಭೌಮ ದೇಶದ ಸಂಸತ್ತಿಗೆ ಸೇರಿದ್ದು, ನ್ಯಾಯಾಲಯ ಅದರಲ್ಲಿ ಕೈಹಾಕದು ಎಂದು ಸುಪ್ರೀಂ ಕೋರ್ಟ್ 1889ರಲ್ಲಿ ಹೇಳಿತು. 1893ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಎಂದಿತು. ಶಿಕ್ಷೆಯಲ್ಲ ಎಂದಮೇಲೆ ಅಪರಾಧ ವಿಚಾರಣೆಯಲ್ಲಿ ಸಿಗುವ ರಕ್ಷಣೆಗಳೂ ಇಲ್ಲ. ವೀಸಾ ವಿಷಯದಲ್ಲಿ ಅಮೆರಿಕದ ಸರ್ಕಾರ ರಾತ್ರೋರಾತ್ರಿ ನಿಯಮ ಬದಲಿಸಲು ಹೇಗೆ ಸಾಧ್ಯ ಎಂದು ಕೇಳುವವರಿಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ.

ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನು

1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಚೀನೀ ವರ್ತಕನ ಮನೆಯಲ್ಲಿ ಹುಟ್ಟಿದವನು ವಾಂಗ್ ಕಿಮ್ ಆರ್ಕ್. ಬೆಳೆದು ಅಡುಗೆ ಕೆಲಸ ಮಾಡುತ್ತಿದ್ದ. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ಬಂದರಿನ ಅಧಿಕಾರಿ ಅವನನ್ನು ಇಳಿಯಲು ಬಿಡಲಿಲ್ಲ. ಸರ್ಕಾರದ ವಾದ ಹೀಗಿತ್ತು: ಇವನು ಹುಟ್ಟಿದ್ದು ಇಲ್ಲಿ ನಿಜ, ಆದರೆ ತಂದೆತಾಯಿ ಚೀನಾ ಚಕ್ರವರ್ತಿಯ ಪ್ರಜೆಗಳು, ಪೌರತ್ವ ಪಡೆಯುವ ಅರ್ಹತೆಯೇ ಇಲ್ಲದವರು. ಹಾಗಾಗಿ ಮಗನೂ ಅಮೆರಿಕದ ‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ವನಲ್ಲ. ಪ್ರಜೆಯಲ್ಲದ ಚೀನೀ ಕೂಲಿ ಎಂದಮೇಲೆ ಬಹಿಷ್ಕಾರ ಕಾಯ್ದೆ ಅವನಿಗೂ ತಗಲುತ್ತದೆ.

ವಲಸೆ ತಡೆಯುವ ಕಾನೂನು ಜನ್ಮದತ್ತ ಪೌರತ್ವಕ್ಕೆ ನೇರವಾಗಿ ಡಿಕ್ಕಿ ಹೊಡೆದದ್ದು ಇಲ್ಲಿಯೇ. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ ವಾಂಗ್ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದ ತೀರ್ಪಿನ ತಿರುಳು: ಇಂಗ್ಲಿಷ್ ಕಾನೂನಿನ ಹಳೆಯ ಪದ್ಧತಿಯಂತೆ ನೆಲದಲ್ಲಿ ಹುಟ್ಟಿದವರು ಆ ನೆಲಕ್ಕೆ ಸೇರಿದವರು; ವಿದೇಶಿಯಾದರೂ ದೇಶದೊಳಗೆ ವಾಸಿಸುವವನು ಅದರ ಕಾನೂನಿಗೆ ಬದ್ಧ, ಆದ್ದರಿಂದ ಅದರ ಅಧಿಕಾರವ್ಯಾಪ್ತಿಯಲ್ಲೇ ಇರುತ್ತಾನೆ. ಹೊರತುಪಡಿಸಿದ್ದು ಕೆಲವರನ್ನಷ್ಟೇ: ವಿದೇಶಿ ರಾಯಭಾರಿಗಳ ಮಕ್ಕಳು, ದಂಡೆತ್ತಿ ಬಂದು ನೆಲ ಆಕ್ರಮಿಸಿದ ಶತ್ರುಗಳ ಮಕ್ಕಳು, ಸ್ವಂತ ಆಡಳಿತವಿದ್ದ ಮೂಲನಿವಾಸಿ ಬುಡಕಟ್ಟುಗಳವರು.

2025ರ ಆದೇಶವನ್ನು ಸಮರ್ಥಿಸುವವರು ವಾಂಗ್‌ನ ತಂದೆತಾಯಿ ಅಲ್ಲಿ ಖಾಯಂ ನೆಲೆ ಹೂಡಿದ್ದವರು ಎಂಬ ಅಂಶವನ್ನು ಹಿಡಿದು, ತಾತ್ಕಾಲಿಕವಾಗಿ ಬಂದವರ ಅಥವಾ ಅನುಮತಿಯಿಲ್ಲದೆ ಇರುವವರ ಮಕ್ಕಳಿಗೆ ತೀರ್ಪು ಅನ್ವಯಿಸದು ಎನ್ನುತ್ತಾರೆ. ವಿರೋಧಿಸುವವರು, ತೀರ್ಪಿನ ತರ್ಕ ಹುಟ್ಟಿದ ಜಾಗದ ಮೇಲೆ ನಿಂತಿದೆ, ಹೊರತಾದವರ ಪಟ್ಟಿಯನ್ನು ತೀರ್ಪೇ ಕೊಟ್ಟಿದೆ, ಅದಕ್ಕೆ ಆದೇಶದ ಮೂಲಕ ಹೊಸಬರನ್ನು ಸೇರಿಸಲಾಗದು ಎನ್ನುತ್ತಾರೆ.

ಗೆದ್ದ ಮೇಲೂ ವಾಂಗ್ ನೆಮ್ಮದಿಯಾಗಿ ಓಡಾಡಿದನೆಂದು ತಿಳಿಯಬೇಡಿ. ಸುಪ್ರೀಂ ಕೋರ್ಟಿನಲ್ಲಿ ತನ್ನ ಪೌರತ್ವ ಸಾಬೀತುಪಡಿಸಿದ್ದ ಆ ಮನುಷ್ಯನನ್ನು 1901ರಲ್ಲಿ ಟೆಕ್ಸಸ್‌ನ ಎಲ್ ಪಾಸೋದಲ್ಲಿ ಅಧಿಕಾರಿಗಳು ಅಕ್ರಮವಾಗಿ ಇರುವ ಚೀನೀಯನೆಂದು ಹಿಡಿದರು.

ತೀರ್ಪಿಗೆ ಒಂದು ವಿಚಿತ್ರ ಬಾಲವೂ ಇದೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದರೆ ಅಲ್ಲವೆನ್ನಲು ಕಾಗದವಿರಲಿಲ್ಲ. ಹೀಗೆ ಪ್ರಜೆಯಾದವನು ಚೀನಾದಲ್ಲಿ ತನಗೆ ಇಷ್ಟು ಗಂಡುಮಕ್ಕಳಿದ್ದಾರೆ ಎಂದು ಬರೆಸಿ, ಆ ಹೆಸರುಗಳನ್ನು ಬೇರೆ ಹುಡುಗರಿಗೆ ಮಾರುವುದು ಶುರುವಾಯಿತು. ಅವರನ್ನು ‘ಕಾಗದದ ಮಕ್ಕಳು’ ಎಂದು ಕರೆದರು. ಸರ್ಕಾರವೇನು ಸುಮ್ಮನಿರಲಿಲ್ಲ. 1910ರಿಂದ 1940ರವರೆಗೆ ಏಂಜಲ್ ಐಲ್ಯಾಂಡ್ ಎಂಬ ದ್ವೀಪದ ಠಾಣೆಯಲ್ಲಿ ಬಂದವರನ್ನು ಕೂಡಿಹಾಕಿ, ನಿನ್ನ ಮನೆಗೆ ಎಷ್ಟು ಮೆಟ್ಟಿಲು, ಪಕ್ಕದ ಸಾಲಿನಲ್ಲಿ ಯಾರ ಮನೆ ಎಂದೆಲ್ಲ ಕೇಳಿ ತಂದೆಯೆನಿಸಿಕೊಂಡವನ ಉತ್ತರದೊಂದಿಗೆ ತಾಳೆ ನೋಡುತ್ತಿದ್ದರು. ನಿಜವಾದ ಮಗನೂ ಮೆಟ್ಟಿಲ ಲೆಕ್ಕ ತಪ್ಪಿದರೆ ಸಿಕ್ಕಿಬೀಳಬಹುದಿತ್ತು.

ಬಿಳಿಯ ಎಂದರೆ ಯಾರು? ಒಂದು ಕೋರ್ಟು, ಎರಡು ಉತ್ತರ

1917ರ ವಲಸೆ ಕಾಯ್ದೆ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ವಿರೋಧವನ್ನೂ ಮೀರಿ ಜಾರಿಗೆ ಬಂತು. ಓದು ಬರಹ ಬಲ್ಲವರಿಗಷ್ಟೇ ಪ್ರವೇಶ ಎಂದಿದ್ದಲ್ಲದೆ, ಏಷ್ಯಾದ ದೊಡ್ಡ ಭಾಗವನ್ನು ‘ನಿಷೇಧಿತ ವಲಯ’ ಎಂದು ಗೆರೆ ಎಳೆದು ಭಾರತವನ್ನೂ ಅದರಲ್ಲಿ ಸೇರಿಸಿತು. ಆ ಹೊತ್ತಿಗಾಗಲೇ ಅಲ್ಲಿದ್ದ ಭಾರತೀಯರಲ್ಲಿ ಕೆಲವರು ಸ್ಥಳೀಯ ನ್ಯಾಯಾಲಯಗಳಲ್ಲಿ ತಾವು ಬಿಳಿಯರೆಂದು ವಾದಿಸಿ ಪೌರತ್ವ ಪಡೆದಿದ್ದರು. ಆಗಿನ ಮಾನವಶಾಸ್ತ್ರ ಉತ್ತರ ಭಾರತೀಯರನ್ನು ಯುರೋಪಿನವರೂ ಇರುವ ಕಕೇಶಿಯನ್ ಎಂಬ ಗುಂಪಿಗೆ ಸೇರಿಸುತ್ತಿದ್ದದ್ದು ಅವರಿಗೆ ಆಧಾರ.

1922ರ ನವೆಂಬರ್‌ನಲ್ಲಿ ತಕಾವೊ ಒಝಾವಾ ಎಂಬ ಜಪಾನೀಯನ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಇವನು ಅಲ್ಲೇ ಓದಿದವನು, ಇಂಗ್ಲಿಷನ್ನೇ ಮನೆಮಾತು ಮಾಡಿಕೊಂಡವನು. ಚರ್ಮದ ಬಣ್ಣ ಮುಖ್ಯವಲ್ಲ, ಬಿಳಿಯ ಎಂದರೆ ಕಕೇಶಿಯನ್, ಜಪಾನೀಯರು ಕಕೇಶಿಯನ್ನರಲ್ಲ ಎಂದು ಕೋರ್ಟು ಅರ್ಜಿ ತಳ್ಳಿಹಾಕಿತು.

ಮೂರು ತಿಂಗಳ ನಂತರ, 1923ರ ಫೆಬ್ರುವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಪ್ರಕರಣ. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಕೋರ್ಟು ಆಗತಾನೇ ಹೇಳಿದ್ದನ್ನೇ ಅವರ ವಕೀಲರು ಎತ್ತಿಕೊಂಡರು: ಕಕೇಶಿಯನ್ ಆದರೆ ಸಾಕಲ್ಲವೇ? ತಾವು ಮೇಲ್ಜಾತಿಯ ಶುದ್ಧ ಆರ್ಯರು ಎಂಬ ಮಾತನ್ನೂ ವಾದಕ್ಕೆ ಸೇರಿಸಿದರು. ಜಾತಿಯ ಹೆಮ್ಮೆಯನ್ನು ಅಷ್ಟು ದೂರ ಹೊತ್ತೊಯ್ದು ವರ್ಣಭೇದದ ಕಾನೂನಿನ ಮುಂದೆ ಅರ್ಹತೆಯಾಗಿ ಇಟ್ಟದ್ದು ಓದಲು ಇರುಸುಮುರುಸಾಗುತ್ತದೆ, ಆದರೆ ದಾಖಲೆಯಲ್ಲಿರುವುದು ಹಾಗೆ. ಈ ಸಲ ಕೋರ್ಟು ವಿಜ್ಞಾನವನ್ನು ಬದಿಗಿಟ್ಟಿತು. ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯನೆನ್ನುತ್ತಾನೋ ಅವನೇ ಬಿಳಿಯ, ಹಿಂದೂಗಳನ್ನು ಅವನು ಹಾಗೆನ್ನುವುದಿಲ್ಲ ಎಂದಿತು. (ಭಾರತದಿಂದ ಬಂದ ಸಿಖ್ಖರೂ ಮುಸ್ಲಿಮರೂ ಆಗ ಅಲ್ಲಿ ‘ಹಿಂದೂ’ಗಳೇ.) ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿದವರು.

ಇದರ ಪರಿಣಾಮ ಮುಂದಿನವರಿಗಷ್ಟೇ ಆಗಲಿಲ್ಲ. ಪೌರತ್ವ ಆಗಲೇ ಪಡೆದಿದ್ದ ಭಾರತೀಯರ ಮೇಲೆ ಸರ್ಕಾರ ದಾವೆ ಹೂಡಿ ಹಲವರ ಪೌರತ್ವ ಕಿತ್ತುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ‘ಪೌರತ್ವಕ್ಕೆ ಅನರ್ಹ ವಿದೇಶಿ’ಗಳು ಕೃಷಿಭೂಮಿ ಕೊಳ್ಳುವಂತಿಲ್ಲ ಎಂಬ ಕಾನೂನು 1913ರಿಂದಲೇ ಇತ್ತು, ಈಗ ಅದು ಭಾರತೀಯ ರೈತರಿಗೂ ತಾಗಿತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಪೌರತ್ವ ಕಳೆದುಕೊಂಡು ಯಾವ ದೇಶಕ್ಕೂ ಸೇರದವರಾದರು. ಭಾರತಕ್ಕೆ ಹೋಗಿಬರಬೇಕೆಂದರೆ ತಾವು ತೊರೆದು ಬಂದಿದ್ದ ಬ್ರಿಟಿಷರ ಪಾಸ್‌ಪೋರ್ಟನ್ನೇ ಮತ್ತೆ ಬೇಡಬೇಕಿತ್ತು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಲಾಸ್ ಏಂಜಲಿಸ್‌ನಲ್ಲಿ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್ ಮಾತ್ರ ತಮ್ಮ ಪೌರತ್ವದ ಪರ ತಾವೇ ಹೋರಾಡಿ ಗೆದ್ದರು. ಥಿಂಡ್ ಅವರಿಗೆ ಕೊನೆಗೆ ಪೌರತ್ವ ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗಾಗಿ ಬಂದ ಬೇರೊಂದು ಕಾನೂನಿನಿಂದ.

ಹೆಂಗಸರ ಕಥೆ ಇನ್ನೂ ಬೇರೆ. 1907ರ ಕಾಯ್ದೆಯಂತೆ ವಿದೇಶಿಯನನ್ನು ಮದುವೆಯಾದ ಅಮೆರಿಕನ್ ಹೆಣ್ಣು, ಅಲ್ಲೇ ಹುಟ್ಟಿದವಳಾದರೂ, ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಗಂಡಸಿಗೆ ಈ ತೊಂದರೆ ಇರಲಿಲ್ಲ. 1922ರ ಕಾಯ್ದೆ ಇದನ್ನು ಸಡಿಲಿಸಿತಾದರೂ ‘ಪೌರತ್ವಕ್ಕೆ ಅನರ್ಹ’ನಾದ ಏಷ್ಯಾದವನನ್ನು ವರಿಸಿದವಳಿಗೆ 1931ರವರೆಗೂ ಬಿಡುಗಡೆ ಸಿಗಲಿಲ್ಲ.

1924: ಜನಗಣತಿ ಹಿಡಿದು ಕೋಟಾ

ಅಲ್ಲಿಯವರೆಗೆ ಯುರೋಪಿನವರಿಗೆ ಬಾಗಿಲು ತೆರೆದೇ ಇತ್ತು. 1892ರಲ್ಲಿ ಆರಂಭವಾದ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ಠಾಣೆಯ ಮೂಲಕ 1954ರೊಳಗೆ ಬಂದವರು 1.2 ಕೋಟಿಗೂ ಹೆಚ್ಚು. ಇವರಲ್ಲಿ ಇಟಲಿ, ಪೋಲೆಂಡ್, ರಷ್ಯಾ ಕಡೆಯ ಕ್ಯಾಥೊಲಿಕರು ಮತ್ತು ಯಹೂದಿಗಳು ಹೆಚ್ಚಾದಾಗ ಹಳಬರಿಗೆ ಆತಂಕ ಶುರುವಾಯಿತು. 1921ರ ತುರ್ತು ಕಾಯ್ದೆ, 1910ರ ಜನಗಣತಿಯಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರು ಎಷ್ಟಿದ್ದರೋ ಅದರ ಶೇ 3ರಷ್ಟು ಮಂದಿಯನ್ನು ವರ್ಷಕ್ಕೆ ಬಿಡುವುದೆಂದಿತು. 1924ರ ಜಾನ್ಸನ್–ರೀಡ್ ಕಾಯ್ದೆ ಅದನ್ನು ಶೇ 2ಕ್ಕೆ ಇಳಿಸಿ, ಲೆಕ್ಕಕ್ಕೆ 1890ರ ಜನಗಣತಿ ತೆಗೆದುಕೊಂಡಿತು. ಅಷ್ಟು ಹಿಂದಕ್ಕೆ ಹೋದದ್ದೇಕೆ? 1890ರಲ್ಲಿ ದಕ್ಷಿಣ ಮತ್ತು ಪೂರ್ವ ಯುರೋಪಿನವರು ಅಲ್ಲಿ ಇನ್ನೂ ಕಡಿಮೆ ಇದ್ದರು. ಇಟಲಿಯ ಕೋಟಾ ಸುಮಾರು 42,000ದಿಂದ 3,845ಕ್ಕೆ ಕುಸಿಯಿತು.

ಇದೇ ಕಾಯ್ದೆ ‘ಪೌರತ್ವಕ್ಕೆ ಅನರ್ಹ’ರಾದವರಿಗೆ ಪ್ರವೇಶವನ್ನೂ ಇಲ್ಲವಾಗಿಸಿತು. 1790ರಲ್ಲಿ ಪೌರತ್ವಕ್ಕೆ ಹಾಕಿದ ಬಣ್ಣದ ಷರತ್ತು ಹೀಗೆ ಗಡಿಯ ಷರತ್ತೂ ಆಯಿತು. ಕೋಟಾ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ 100 ಎಂದಿತ್ತು, ಆದರೆ ಅದನ್ನು ಬಳಸಬಹುದಾದವರು ಭಾರತದಲ್ಲಿ ಹುಟ್ಟಿದ ಬಿಳಿಯರು ಮಾತ್ರ!

ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಇದಕ್ಕೆ ಸಹಿ ಹಾಕಿದ್ದು ಮೇ 26ರಂದು. ಒಂದು ವಾರ ಕಳೆದು, ಜೂನ್ 2ರಂದು, ಅವರೇ ಇನ್ನೊಂದು ಕಾಯ್ದೆಗೆ ಸಹಿ ಹಾಕಿ ಅಲ್ಲಿಯ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಕೊಟ್ಟರು. ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದವರ ಸರದಿ ಬಂದದ್ದು ಆಗ.

ಹಳೆಯ ನಿರ್ಬಂಧಗಳ ಬಿಸಿ 1942ರಲ್ಲಿ ಮತ್ತೆ ತಟ್ಟಿತು. ಯುದ್ಧದ ಹೆಸರಿನಲ್ಲಿ ಶಿಬಿರಗಳಿಗೆ ತಳ್ಳಲಾದ ಜಪಾನೀ ಮೂಲದ ಸುಮಾರು 1,20,000 ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪ್ರಜೆಗಳು. ಅವರ ತಂದೆತಾಯಿ ‘ಶತ್ರು ದೇಶದವರು’ ಎನಿಸಿಕೊಂಡರು. ದಶಕಗಳ ಕಾಲ ಅಲ್ಲಿದ್ದರೂ ಅವರು ಪ್ರಜೆಗಳಾಗದಂತೆ ತಡೆದಿದ್ದದ್ದು ಅಲ್ಲಿಯ ಕಾನೂನೇ.

ಸಡಿಲವಾದದ್ದು ಹೇಗೆ

ಯುದ್ಧದಲ್ಲಿ ಚೀನಾ ಮಿತ್ರದೇಶವಾಗಿತ್ತು. ಮಿತ್ರನನ್ನು ಬಹಿಷ್ಕರಿಸುವ ಕಾಯ್ದೆ ಇಟ್ಟುಕೊಳ್ಳುವುದು ಮುಜುಗರ. 1943ರಲ್ಲಿ ಅದನ್ನು ರದ್ದುಮಾಡಿ ಚೀನೀಯರಿಗೆ ವರ್ಷಕ್ಕೆ 105 ಜಾಗ ಮತ್ತು ದೇಶೀಕರಣದ ಹಕ್ಕು ಕೊಟ್ಟರು. 1946ರ ಲ್ಯೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ 100 ಜಾಗದ ಜೊತೆ ಅದೇ ಹಕ್ಕು ಕೊಟ್ಟಿತು. ಸಂಖ್ಯೆ ನಗೆ ತರಿಸಬಹುದು, ಆದರೆ ಆಗಲೇ ಅಲ್ಲಿದ್ದವರಿಗೆ ದೊಡ್ಡದಾಗಿ ಕಂಡದ್ದು ಪೌರತ್ವ. ಆ ಕಾನೂನಿಗಾಗಿ ಓಡಾಡಿದ ಪಂಜಾಬಿ ರೈತ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾಗಿ, 1956ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಸಂಸತ್ತು ಸೇರಿದರು. ಏಷ್ಯಾ ಮೂಲದ ಮೊದಲ ಸಂಸದ ಅವರು.

ದೇಶೀಕರಣಕ್ಕೆ ಇದ್ದ ಜನಾಂಗದ ಷರತ್ತು ಪೂರ್ತಿಯಾಗಿ ಹೋದದ್ದು 1952ರಲ್ಲಿ, ಅಂದರೆ 162 ವರ್ಷಗಳ ನಂತರ. ದೇಶವಾರು ಕೋಟಾ ಹೋಗಲು ಇನ್ನಷ್ಟು ಕಾಲ ಬೇಕಾಯಿತು. 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಹಾರ್ಟ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ಕುಟುಂಬದ ಸಂಬಂಧ ಮತ್ತು ಕೆಲಸದ ಕೌಶಲ ಹೊಸ ಮಾನದಂಡಗಳಾದವು. ಇಂದಿನ ಭಾರತೀಯ ಅಮೆರಿಕನ್ ಸಮುದಾಯದ ಬಹುಪಾಲು ಬೆಳೆದದ್ದು ಈ ಕಾನೂನಿನ ನಂತರ. ಅದೇ ಕಾಯ್ದೆ ಅಮೆರಿಕ ಖಂಡಗಳಿಂದ ಬರುವವರ ಮೇಲೆ ಮೊದಲ ಬಾರಿಗೆ ಒಟ್ಟು ಮಿತಿ ಹೇರಿತು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದುವರೆಗೆ ಸಂಖ್ಯೆಯ ಮಿತಿಯಿಲ್ಲದೆ ಬರುತ್ತಿದ್ದ ಮೆಕ್ಸಿಕೋದ ದುಡಿಮೆಗಾರರ ಪೈಕಿ ಬಹಳ ಮಂದಿ ಆಮೇಲೆ ‘ಅಕ್ರಮ’ ಎನಿಸಿಕೊಳ್ಳಲು ಇದೂ ಒಂದು ಕಾರಣ.

ಎಲ್ಲ ದೇಶಕ್ಕೂ ಒಂದೇ ಮಿತಿ, ಅದರ ಫಲ

ಈಗಿನ ಗ್ರೀನ್ ಕಾರ್ಡ್ ಸರದಿಯ ಮೂಲ 1965ರ ಸಮಾನತೆಯ ಲೆಕ್ಕದಲ್ಲೇ ಇದೆ. ಯಾವ ದೇಶಕ್ಕೂ ಹೆಚ್ಚು ಕಡಿಮೆ ಬೇಡ ಎಂದು ಅಮೆರಿಕ ಖಂಡಗಳ ಹೊರಗಿನ ದೇಶಗಳಿಗೆಲ್ಲ ಒಂದೇ ಮಿತಿ ಇಟ್ಟರು, 1976ರಲ್ಲಿ ಅದು ಆ ಖಂಡಗಳ ದೇಶಗಳಿಗೂ ಬಂತು. 1990ರ ಕಾಯ್ದೆ ಎಚ್-1ಬಿ ವೀಸಾವನ್ನು ರೂಪಿಸಿ, ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000 ಎಂದು ಗೊತ್ತುಮಾಡಿತು. ಈ ಲೆಕ್ಕದಲ್ಲಿ ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲ ಸೇರುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಇದರಲ್ಲಿ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗದು. ಐಸ್‌ಲ್ಯಾಂಡಿಗೂ ಶೇ 7, ಭಾರತಕ್ಕೂ ಶೇ 7. ಬೇರೆ ದೇಶದವರು ಬಳಸದೆ ಬಿಟ್ಟದ್ದು ಸ್ವಲ್ಪ ಸಿಗಬಹುದು ಅಷ್ಟೆ. ಹುಟ್ಟಿದ ದೇಶವೇ ಲೆಕ್ಕ. ಆಮೇಲೆ ಯಾವ ದೇಶದ ಪಾಸ್‌ಪೋರ್ಟ್ ಪಡೆದರೂ ಸರದಿ ಬದಲಾಗದು.

2025ರಲ್ಲಿ, ಉನ್ನತ ಪದವಿ ಇರುವವರ ವರ್ಗದಲ್ಲಿ ಭಾರತೀಯರ ಪೈಕಿ ಸರದಿ ತಲುಪಿದ್ದು 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರಿಗೆ. ಗ್ರೀನ್ ಕಾರ್ಡ್ ಸಿಕ್ಕಿದ ಮೇಲಷ್ಟೇ ಪೌರತ್ವದ ಐದು ವರ್ಷದ ಎಣಿಕೆ ಶುರುವಾಗುತ್ತದೆ. ಎಷ್ಟು ವರ್ಷ ದುಡಿದರೂ, ತೆರಿಗೆ ಕಟ್ಟಿದರೂ ಕಾಯುವ ಕಾಲ ಆ ಐದರಲ್ಲಿ ಸೇರುವುದಿಲ್ಲ.

ಜನ್ಮದತ್ತ ಪೌರತ್ವದ ವ್ಯಾಜ್ಯ ಇಂಥ ಕುಟುಂಬಗಳಿಗೆ ಅಷ್ಟು ಮುಖ್ಯವಾಗುವುದು ಇದಕ್ಕೇ. ಸರದಿ ಚಿಕ್ಕದಾಗಿದ್ದರೆ ತಂದೆತಾಯಿ ಬೇಗ ಗ್ರೀನ್ ಕಾರ್ಡ್ ಪಡೆಯುತ್ತಿದ್ದರು, ಮಗುವಿಗೆ ಆದೇಶ ತಗಲುತ್ತಲೇ ಇರಲಿಲ್ಲ. ಹತ್ತು ಹದಿನೈದು ವರ್ಷ ‘ತಾತ್ಕಾಲಿಕ’ವಾಗಿಯೇ ಇರಬೇಕಾದವರಿಗೆ ಮಕ್ಕಳಾಗುವುದೂ ಆ ಅವಧಿಯಲ್ಲೇ. ಈಗಿರುವ ಪದ್ಧತಿಯಲ್ಲೂ ಮಕ್ಕಳ ನಡುವೆ ವ್ಯತ್ಯಾಸವಿದೆ. ಭಾರತದಲ್ಲಿ ಹುಟ್ಟಿ ಎರಡನೇ ವರ್ಷಕ್ಕೆ ಅಲ್ಲಿಗೆ ಹೋದ ಅಕ್ಕ, ತಂದೆಯ ಸರದಿ ಬರುವ ಮೊದಲೇ 21 ತುಂಬಿದರೆ ಅವಲಂಬಿತಳ ವೀಸಾ ಕಳೆದುಕೊಂಡು ಬೇರೆ ವೀಸಾ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅಲ್ಲಿ ಹುಟ್ಟಿದ ತಮ್ಮ ಅಮೆರಿಕದ ಪ್ರಜೆ. ಅವನಿಗೂ 21 ತುಂಬಿದ ಮೇಲೆ ತಂದೆತಾಯಿಯ ಗ್ರೀನ್ ಕಾರ್ಡಿಗೆ ಅವನೇ ಅರ್ಜಿ ಹಾಕಬಹುದು, ಅದಕ್ಕೆ ಸರದಿಯ ಮಿತಿಯಿಲ್ಲ. ಅಕ್ಕನಿಗಾಗಿ ಹಾಕುವ ಅರ್ಜಿ ಮಾತ್ರ ಒಡಹುಟ್ಟಿದವರ ವರ್ಗಕ್ಕೆ ಸೇರಿ, ಮತ್ತೆ ಶೇ 7ರ ಸಾಲಿನ ಕೊನೆಗೆ ಹೋಗುತ್ತದೆ.